ಇಳಿತಕ್ಕೆ ಕಾಯುವ ಹಕ್ಕಿಗಳು

ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವುದು ಆಗಸ್ಟ್ ಮೊದಲ ವಾರದಲ್ಲಿ. ಮಳೆ ಇನ್ನೂ ಬಿಟ್ಟಿರುವುದಿಲ್ಲ. ಅಘನಾಶಿನಿ ಹೊಳೆ ಘಟ್ಟದ ಮಣ್ಣು ಹೊತ್ತು ಕೆಂಪಾಗಿ ಹರಿದು ತದಡಿಯ ಅಳಿವೆಯಲ್ಲಿ ಕಡಲು ಸೇರುತ್ತಿರುತ್ತದೆ. ಕುಮಟಾ, ಗೋಕರ್ಣದ ಮನೆಗಳಲ್ಲಿ ಚೌತಿಯ ಮಾತು ಶುರುವಾಗಿರುತ್ತದೆ. ವಲಸೆ ಹಕ್ಕಿ ನೋಡಬೇಕೆಂದು ಈ ದಿನಗಳಲ್ಲಿ ಇತ್ತ ಬರುವವರು ಬಹಳ ಕಡಿಮೆ. ಬಂದವರಿಗೆ, ನೀರು ಇಳಿದ ಹೊತ್ತಿನಲ್ಲಿ, ಕೆಸರಿನ ಅಂಚಿನಲ್ಲಿ ಗುಬ್ಬಿಗಿಂತ ದೊಡ್ಡ, ಮೈನಾಕ್ಕಿಂತ ಚಿಕ್ಕ ಹಕ್ಕಿಗಳು ಕಾಣುತ್ತವೆ. ಎದೆಯ ಮೇಲೆ ಮಾಸಿದ ಇಟ್ಟಿಗೆಗೆಂಪು. ನಾಲ್ಕು ಹೆಜ್ಜೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಬಾಗಿ ಏನನ್ನೋ ಹೆಕ್ಕಿ ಮತ್ತೆ ಓಡುತ್ತವೆ. ಇವು ಟಿಬೆಟನ್ ಸ್ಯಾಂಡ್ ಪ್ಲವರ್‌ಗಳು. ಜೂನ್ ತಿಂಗಳಲ್ಲಿ ಇವು ಲಡಾಖ್, ಟಿಬೆಟ್, ಪಾಮಿರ್‌ಗಳ ಎತ್ತರದ ಬಯಲುಗಳಲ್ಲಿ, 4,000 ಮೀಟರಿನ ಆಸುಪಾಸಿನಲ್ಲಿ, ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದವು. ಎದೆಯ ಕೆಂಪು ಆ ದಿನಗಳ ಬಣ್ಣ. ಇನ್ನೊಂದೆರಡು ತಿಂಗಳಲ್ಲಿ ಅದು ಪೂರ್ತಿ ಉದುರಿ, ಹಕ್ಕಿ ಕೆಸರಿನದೇ ಬೂದುಗಂದು ಬಣ್ಣಕ್ಕೆ ತಿರುಗುತ್ತದೆ.

ಪಂಚಾಂಗದ ಶರದೃತು ಆಶ್ವಯುಜದಲ್ಲಿ ಆರಂಭವಾದರೆ ಅಳಿವೆಯ ಹಕ್ಕಿಗಳ ಶರದೃತು ಶ್ರಾವಣದಲ್ಲೇ ಆರಂಭ. ವಲಸೆ ಹಕ್ಕಿ ಎಂದರೆ ಡಿಸೆಂಬರ್, ಜನವರಿಯ ಚಳಿ ಎಂದು ನಾವು ತಿಳಿದಿದ್ದೇವೆ. ಒಳನಾಡಿನ ಕೆರೆಗಳ ಬಾತುಗಳ ಮಟ್ಟಿಗೆ ಅದು ಸರಿಯೇ. ಕಡಲ ದಂಡೆಯ ಗೊರವಗಳು, ಉಲ್ಲಂಕಿಗಳು, ಪ್ಲವರ್‌ಗಳ ಕತೆ ಬೇರೆ. ಡಿಸೆಂಬರ್ ಹೊತ್ತಿಗೆ ಅವು ಊರಿಗೆ ಹೊಂದಿಕೊಂಡು ನೆಲೆನಿಂತಿರುತ್ತವೆ. ಬರುವುದನ್ನು, ಬಣ್ಣ ಬದಲಿಸುವುದನ್ನು, ದಣಿವಾರಿಸಿಕೊಳ್ಳುವುದನ್ನು, ಮುಂದಕ್ಕೆ ಹೊರಡುವುದನ್ನು ನೋಡಬೇಕಾದರೆ ಆಗಸ್ಟ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳೇ ಬೇಕು.

ಬರುವುದರಲ್ಲೂ ಒಂದು ಸರದಿ ಇದೆ. ಸೈಬೀರಿಯಾದ ಉತ್ತರದ ಟಂಡ್ರಾದಲ್ಲಿ ಮರಿ ಮಾಡುವ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಗೊರವವನ್ನೇ ತೆಗೆದುಕೊಳ್ಳಿ. ಕೂಡುವ ಕಾಲ ಮುಗಿಯುತ್ತಿದ್ದಂತೆ ಗಂಡುಗಳು ಹೊರಟುಬಿಡುತ್ತವೆ. ಕಾವು, ಮರಿಗಳ ಜವಾಬ್ದಾರಿ ಹೆಣ್ಣಿನದು. ಅದು ಮುಗಿದ ಮೇಲೆ ಹೆಣ್ಣುಗಳು. ಕೊನೆಗೆ, ಆಗಸ್ಟ್ ಕಳೆದು ಸೆಪ್ಟೆಂಬರ್‌ನಲ್ಲಿ, ಅದೇ ವರ್ಷ ಹುಟ್ಟಿದ ಮರಿಗಳು. ದಾರಿ ತೋರಿಸಲು ಅವುಗಳ ಜೊತೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಮೊಟ್ಟೆಯೊಡೆದ ದಿನದಿಂದಲೇ ತಮ್ಮ ಊಟ ತಾವೇ ಹುಡುಕಿಕೊಂಡ ಮರಿಗಳು, ಹಿಂದೆಂದೂ ನೋಡದ ಕಡಲ ದಂಡೆಗೆ, ಸೂರ್ಯ, ನಕ್ಷತ್ರ ಮತ್ತು ಭೂಮಿಯ ಕಾಂತಶಕ್ತಿಯ ಸುಳಿವು ಹಿಡಿದು, ಹುಟ್ಟಿನಿಂದಲೇ ಬಂದ ಅರಿವಿನಲ್ಲಿ ತಲುಪುತ್ತವೆ. ಸೆಪ್ಟೆಂಬರ್ ಕೊನೆಗೆ ಅಳಿವೆಯಲ್ಲಿ ದುರ್ಬೀನು ಹಿಡಿದರೆ ಈ ಮರಿಗಳನ್ನು ಗುರುತಿಸುವುದು ಕಷ್ಟವೇನಲ್ಲ. ದೊಡ್ಡ ಹಕ್ಕಿಗಳ ಗರಿ ಸವೆದು ಚಿಂದಿಯಾಗಿರುತ್ತದೆ. ಮರಿಗಳ ಬೆನ್ನಿನ ಪ್ರತಿ ಗರಿಗೂ ಹೊಸದಾಗಿ ಬರೆದಷ್ಟು ಸ್ಪಷ್ಟವಾದ ತಿಳಿ ಅಂಚು. ಅಂಥ ಒಂದು ಗರಿಯ ಅಂಚು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಷ್ಟು ದೂರದಿಂದ ಬಂದವು ಇಲ್ಲಿ ಏನನ್ನು ಅರಸುತ್ತವೆ? ಕಾಂಡ್ಲಾ ಗಿಡಗಳನ್ನಲ್ಲ, ಮರಳಿನ ಚೆಲುವನ್ನಲ್ಲ. ಅವಕ್ಕೆ ಬೇಕಿರುವುದು ಕೆಸರು, ಅದೂ ನೀರು ಈಗಷ್ಟೇ ಬಿಟ್ಟುಹೋದ ಕೆಸರು. ಅಳಿವೆಯ ಕೆಸರು ನಕ್ಷೆ ಬಿಡಿಸುವವರ ಕಣ್ಣಿಗೆ ಖಾಲಿ ಜಾಗ. ಬಂದರಿನ ನೀಲನಕ್ಷೆಯಾಗಲಿ, ಕಾರ್ಖಾನೆಯ ನೀಲನಕ್ಷೆಯಾಗಲಿ, ಮೊದಲು ಬಣ್ಣ ತುಂಬುವುದು ಅಲ್ಲಿಗೇ. ಈ ನಾಡಿನ ಅತ್ಯಂತ ತುಂಬಿದ ಜಾಗಗಳಲ್ಲಿ ಅದೂ ಒಂದು ಎಂಬುದನ್ನು ನನಗೆ ಕಲಿಸಿದ್ದು ಹಕ್ಕಿಗಳು.

ಹೊಳೆ ಹೊತ್ತು ತಂದ ನುಣುಪು ಜೇಡಿ ಉಪ್ಪುನೀರು ತಾಕಿದೊಡನೆ ಒಂದಕ್ಕೊಂದು ಅಂಟಿ, ಭಾರವಾಗಿ, ತಳಕ್ಕೆ ಕೂರುತ್ತದೆ. ಅದರ ಜೊತೆಗೆ ಕಾಡಿನ ಕೊಳೆತ ಎಲೆ, ಕಾಂಡ್ಲಾದ ಉದುರೆಲೆ. ಬಿಸಿಲು ಬಿದ್ದಾಗ ಕೆಸರಿನ ಮೈಮೇಲೆ ಬರಿಗಣ್ಣಿಗೆ ಕಾಣದ ಡಯಾಟಮ್ ಪಾಚಿಗಳು ಕಂದು ಪೊರೆ ಕಟ್ಟುತ್ತವೆ. ಈ ಪೊರೆಯನ್ನು ತಿನ್ನಲು ಪುಟ್ಟ ಬಸವನಹುಳುಗಳು, ಹುಳುಗಳು. ಅವುಗಳನ್ನು ತಿನ್ನಲು ಏಡಿಗಳು. ಅಡಿಯಲ್ಲಿ ನೀರು ಸೋಸಿ ಬದುಕುವ ಬಳಚು, ಚಿಪ್ಪಿಕಲ್ಲುಗಳು. ಮೇಲಿನಿಂದ ಕೆಳಕ್ಕೆ ಒಂದು ಗೇಣು ಆಳದೊಳಗೆ ಪದರ ಪದರವಾಗಿ ಜೀವ. ಪ್ರತಿ ಪದರಕ್ಕೂ ಅಳತೆಗೆ ತಕ್ಕ ಕೊಕ್ಕೊಂದು ಉತ್ತರದಿಂದ ಬರುತ್ತದೆ.

ಲಿಟಲ್ ಸ್ಟಿಂಟ್ ಎಂಬ ಅಂಗೈಯಗಲದ ಗೊರವದ ಕೊಕ್ಕು ಎರಡು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅದು ಮೇಲ್ಮೈಯನ್ನಷ್ಟೇ ಸವರುತ್ತದೆ. ಡನ್ಲಿನ್, ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳ ಕೊಕ್ಕು ಇನ್ನೂ ಉದ್ದ, ತುದಿಯಲ್ಲಿ ತುಸು ಬಾಗು. ಇವು ತಲೆ ಎತ್ತದೆ, ಸಾಲುಹಿಡಿದು, ಸಸಿ ನೆಡುವವರ ಕೈಯಂತೆ ಕೆಸರಿಗೆ ಕೊಕ್ಕು ಊರುತ್ತ ಸಾಗುತ್ತವೆ. ಗಾಡ್‌ವಿಟ್‌ನ ಉದ್ದನೆಯ ನೇರ ಕೊಕ್ಕು ಕಣ್ಣಿನವರೆಗೂ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡದು ಕರ್ಲ್ಯೂ. ಕುಡುಗೋಲಿನ ಬಾಗು ಪಡೆದ ಅದರ ಕೊಕ್ಕು ಹೆಣ್ಣಿನಲ್ಲಿ 15 ಸೆಂಟಿಮೀಟರ್ ಮೀರಬಹುದು. ಏಡಿಯ ಬಿಲದೊಳಗೆ ಅದನ್ನು ತೂರಿಸಿ, ತಿರುಗಿಸಿ, ಏಡಿಯನ್ನು ಹೊರಗೆಳೆದು, ಕಾಲುಗಳು ಉದುರುವವರೆಗೆ ಕೊಡವಿ ನುಂಗುತ್ತದೆ. ಅದರ ಚಿಕ್ಕ ನೆಂಟ ವಿಂಬ್ರೆಲ್‌ಗೂ ಏಡಿಗಳೆಂದರೆ ಪ್ರಾಣ. ಟೆರೆಕ್ ಸ್ಯಾಂಡ್‌ಪೈಪರ್‌ಗೆ ಮಾತ್ರ ಮೇಲಕ್ಕೆ ಬಾಗಿದ ಕೊಕ್ಕು. ಅದು ಬಿಲದ ಬಳಿ ಕಾಯುವ ಜಾತಿಯಲ್ಲ. ತಲೆ ತಗ್ಗಿಸಿ ಏಡಿಯ ಹಿಂದೆ ಓಡುತ್ತದೆ.

ಕೆಸರಿನೊಳಗೆ ಕಣ್ಣು ಕಾಣದಲ್ಲಿ ಕೊಕ್ಕು ಹೇಗೆ ಹುಡುಕುತ್ತದೆ ಎಂಬುದು ಇನ್ನೂ ಸೋಜಿಗದ ವಿಷಯ. ಗೊರವಗಳ ಕೊಕ್ಕಿನ ತುದಿಯ ಎಲುಬಿನಲ್ಲಿ ಜೇನುಗೂಡಿನಷ್ಟು ಒತ್ತಾದ ಕುಳಿಗಳಿವೆ, ಅವುಗಳಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳು. ನೆದರ್ಲೆಂಡ್ಸ್‌ನ ತ್ಯೂನಿಸ್ ಪಿಯರ್ಸ್ಮಾ ಮತ್ತು ಸಂಗಡಿಗರು 1998ರಲ್ಲಿ ರೆಡ್ ನಾಟ್ ಎಂಬ ಹಕ್ಕಿಯ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಿದು: ಕೊಕ್ಕು ಊರಿದಾಗ ಮರಳಿನ ಕಣಗಳ ನಡುವಿನ ನೀರು ಒತ್ತಲ್ಪಡುತ್ತದೆ, ಹತ್ತಿರದಲ್ಲಿ ಚಿಪ್ಪಿನಂಥ ಗಟ್ಟಿ ವಸ್ತು ಇದ್ದರೆ ಆ ಒತ್ತಡದಲ್ಲಿ ಬದಲಾವಣೆಯಾಗುತ್ತದೆ, ಮುಟ್ಟದೆಯೇ ಹಕ್ಕಿಗೆ ಅದು ತಿಳಿಯುತ್ತದೆ. ಇದು ನಡೆಯುವುದು ನೀರಿನಿಂದ ತೊಯ್ದ ಮರಳು, ಕೆಸರಿನಲ್ಲಿ ಮಾತ್ರ. ಹಿಂದೆ ಸರಿಯುವ ನೀರಿನ ಅಂಚನ್ನು ಹಕ್ಕಿಗಳು ಬಿಡದೆ ಹಿಂಬಾಲಿಸುವುದು ಇದಕ್ಕೂ ಹೌದು, ನೀರಿಳಿದಂತೆ ಹುಳುಗಳು ಆಳಕ್ಕೆ ಜಾರಿಬಿಡುತ್ತವೆ ಎಂಬುದಕ್ಕೂ ಹೌದು. ಇನ್ನೊಂದು ಅನುಕೂಲ ಕೊಕ್ಕಿನ ತುದಿಯದು. ಅನೇಕ ಗೊರವಗಳಲ್ಲಿ ಬುಡ ಮುಚ್ಚಿದ್ದರೂ ತುದಿಯಷ್ಟೇ ತೆರೆದುಕೊಳ್ಳುತ್ತದೆ. ಕೆಸರಿನ ಭಾರದಡಿ ಇಡೀ ಬಾಯಿ ತೆರೆಯದೆ ಹುಳುವನ್ನು ಚಿಮುಟದಲ್ಲಿ ಹಿಡಿದು ಎಳೆಯುವ ಉಪಾಯವದು.

ಪ್ಲವರ್‌ಗಳಿಗೆ ಈ ಸಲಕರಣೆ ಇಲ್ಲ. ಅವುಗಳ ಕೊಕ್ಕು ಮೋಟು, ಕಣ್ಣು ದೊಡ್ಡವು. ನಿಂತು ನೋಡಿ, ಅಲುಗಿದ್ದನ್ನು ಕಂಡು, ಓಡಿ ಹಿಡಿಯುವುದು ಅವುಗಳ ಕ್ರಮ. ಆರಂಭದಲ್ಲಿ ಹೇಳಿದ ಓಟ, ನಿಲುಗಡೆ, ಬಾಗುವಿಕೆ ಅದೇ.

ಹೊಸದಾಗಿ ಹಕ್ಕಿ ನೋಡುವವರನ್ನು ಅಳಿವೆ ಕಂಗೆಡಿಸುವುದು ನಿಜ. ಅಕ್ಟೋಬರ್ ಹೊತ್ತಿಗೆ ಎಲ್ಲವೂ ಬೂದು ಬೆನ್ನು, ಬಿಳಿ ಹೊಟ್ಟೆ. ಪುಸ್ತಕದ ಚಿತ್ರಗಳೆಲ್ಲ ಒಂದೇ ತರಹ ಕಾಣುತ್ತವೆ. ನನ್ನ ಅಭಿಪ್ರಾಯದಲ್ಲಿ ಬಣ್ಣವನ್ನು ಕೊನೆಗಿಡಬೇಕು, ಮೊದಲು ನಡಿಗೆಯನ್ನು ನೋಡಬೇಕು. ಓಡಿ ನಿಂತರೆ ಪ್ಲವರ್. ಬಗ್ಗಿಕೊಂಡೇ ಸಾಗಿದರೆ ಗೊರವಗಳಲ್ಲೊಂದು. ಬಂಡೆಯ ಮೇಲೋ ಕಲ್ಲುಕಟ್ಟೆಯ ಅಂಚಿನಲ್ಲೋ ಒಂಟಿಯಾಗಿ ನಿಂತು ಹಿಂಭಾಗವನ್ನು ಸದಾ ಕುಣಿಸುತ್ತಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ತೆರೆದ ಕಡಲ ದಂಡೆಯಲ್ಲಿ ಅಲೆ ಹಿಂದೆ ಹೋದಾಗ ಅದರ ಬೆನ್ನಿಗೆ ಓಡಿ, ಮುಂದೆ ಬಂದಾಗ ತಾನೂ ಹಿಂದಕ್ಕೋಡುವ ಬೆಳ್ಳನೆಯ ಗುಂಪು ಸ್ಯಾಂಡರ್ಲಿಂಗ್‌ನದು. ಅದರ ಕಾಲಿಗೆ ಹಿಂಬೆರಳೇ ಇಲ್ಲ. ಹಾರಿದಾಗ ರೆಕ್ಕೆಯ ಹಿಂದಂಚಿನಲ್ಲಿ ಅಗಲವಾದ ಬಿಳಿ ಪಟ್ಟಿ ಮಿಂಚಿ, ಜೊತೆಗೆ ಕೂಗೆಬ್ಬಿಸಿ ಇಡೀ ಅಳಿವೆಯನ್ನು ಎಚ್ಚರಿಸಿದರೆ ಅದು ಕೆಂಪು ಕಾಲಿನ ರೆಡ್‌ಶ್ಯಾಂಕ್. ಗ್ರೇ ಪ್ಲವರ್ ಹಾರಿದಾಗ ಕಂಕುಳು ಕಪ್ಪಗೆ ಕಾಣುತ್ತದೆ. ಕತ್ತಿನ ಸುತ್ತ ಬಿಳಿ ಪಟ್ಟಿ ಹಿಂದಿನವರೆಗೂ ಇದ್ದರೆ ಕೆಂಟಿಷ್ ಪ್ಲವರ್, ಇಲ್ಲದಿದ್ದರೆ ಸ್ಯಾಂಡ್ ಪ್ಲವರ್. ಇಷ್ಟು ಹಿಡಿತಕ್ಕೆ ಬಂದರೆ ಮೊದಲ ವರ್ಷಕ್ಕೆ ಸಾಕು. ಉಳಿದವು ತಾವಾಗಿ ಒಂದೊಂದೇ ಬೇರೆಯಾಗಿ ಕಾಣತೊಡಗುತ್ತವೆ.

ಎಲ್ಲಿ ಹೋಗಬೇಕು ಎಂಬುದಕ್ಕಿಂತ ಯಾವಾಗ ಹೋಗಬೇಕು ಎಂಬುದು ಇಲ್ಲಿ ಮುಖ್ಯ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನಿನ್ನೆಯ ಇಳಿತಕ್ಕಿಂತ ಇಂದಿನದು ಸುಮಾರು 50 ನಿಮಿಷ ತಡ. ಉತ್ತರ ಕನ್ನಡದ ದಂಡೆಯಲ್ಲಿ ದೊಡ್ಡ ಉಬ್ಬರಗಳ ದಿನ ನೀರು ಏರಿಳಿಯುವ ಎತ್ತರ ಒಂದೂವರೆಯಿಂದ ಎರಡು ಮೀಟರಿನಷ್ಟು. ಗುಜರಾತಿನ ಖಂಭಾತ್ ಕೊಲ್ಲಿಯ ಮುಂದೆ ಇದು ಏನೂ ಅಲ್ಲ. ಆದರೆ ಅಘನಾಶಿನಿಯ ಅಳಿವೆ ಚಪ್ಪಟೆ. ನೀರು ಒಂದಾಳು ಇಳಿದರೂ ಸಾಕು, ಎಕರೆಗಟ್ಟಲೆ ಕೆಸರು ತೆರೆದುಕೊಳ್ಳುತ್ತದೆ. ಇಲ್ಲಿನ ಮೀನುಗಾರರಿಗೆ, ಬಳಚು ಹೆಕ್ಕುವವರಿಗೆ ಇದಕ್ಕೆ ಆ್ಯಪ್ ಬೇಕಿಲ್ಲ, ತಿಥಿ ಗೊತ್ತಿದ್ದರೆ ಸಾಕು. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು: ಮಧ್ಯಾಹ್ನದ ಆಸುಪಾಸಿನಲ್ಲಿ ನೀರು ತುಂಬಿ, ಸಂಜೆಗೆ ಅಳಿವೆ ಬರಿದಾಗುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಸಣ್ಣದಾಗುತ್ತದೆ, ಹೊತ್ತೂ ಅದಲುಬದಲಾಗುತ್ತದೆ. ನವರಾತ್ರಿ ಆರಂಭವಾಗುವುದು ದೊಡ್ಡ ನೀರಿನಲ್ಲಿ, ದುರ್ಗಾಷ್ಟಮಿ ಬರುವುದು ಸಣ್ಣ ನೀರಿನಲ್ಲಿ, ದೀಪಾವಳಿ ಮತ್ತೆ ದೊಡ್ಡ ನೀರಿನಲ್ಲಿ. ಹಕ್ಕಿಗಳ ದಿನಚರಿಯೂ ಇದೇ ಲೆಕ್ಕದ್ದು. ಅವಕ್ಕೆ ಹಗಲು ರಾತ್ರಿಯ ಭೇದ ಕಡಿಮೆ. ನಡುರಾತ್ರಿ ನೀರಿಳಿದರೆ ನಡುರಾತ್ರಿಯಲ್ಲೇ ಮೇಯುತ್ತವೆ.

ಪೂರ್ತಿ ಇಳಿತದಲ್ಲಿ ಹೋದರೆ ಹಕ್ಕಿಗಳು ದೂರ ಚದುರಿ ಚುಕ್ಕೆಗಳಾಗಿರುತ್ತವೆ. ನೀರು ಏರತೊಡಗಿದಾಗ ಹೋಗಿ ಕುಳಿತುಬಿಡಬೇಕು. ನೀರೇ ಅವುಗಳನ್ನು ನಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ಕೊನೆಯ ಕೆಸರೂ ಮುಳುಗಿದ ಮೇಲೆ ಎಲ್ಲವೂ ಎದ್ದು ಕೂಡುವ ಜಾಗ ಹುಡುಕುತ್ತವೆ: ಅಳಿವೆಬಾಯಿಯ ಮರಳದಿಬ್ಬ, ಗಜನಿ ಗದ್ದೆಗಳ ಬದು, ಸಾಣಿಕಟ್ಟಾದ ಉಪ್ಪಿನ ಗದ್ದೆ. ಅಲ್ಲಿ ಒಂಟಿಕಾಲಿನಲ್ಲಿ, ಕೊಕ್ಕು ಬೆನ್ನಗರಿಯಲ್ಲಿಟ್ಟು, ಗಾಳಿಗೆ ಮುಖ ಮಾಡಿ, ಜಾತಿಜಾತಿಗಳು ಬೆರೆತು ನಿಲ್ಲುತ್ತವೆ. ಎಣಿಸಲು, ಹೋಲಿಸಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒಮ್ಮೊಮ್ಮೆ ಎಲ್ಲವೂ ಒಟ್ಟಿಗೆ ಎದ್ದು, ಆಕಾಶದಲ್ಲಿ ಒಂದೇ ಮೈಯಾಗಿ ತಿರುಗಿ ಬೆಳ್ಳಗಾಗುತ್ತವೆ, ಮತ್ತೆ ತಿರುಗಿ ಕಪ್ಪಾಗುತ್ತವೆ. ಆಗ ಮೇಲೆ ನೋಡಬೇಕು, ಪೆರೆಗ್ರಿನ್ ಫಾಲ್ಕನ್ ಇದ್ದೀತು. ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಈ ಬೇಟೆಗಾರ ಹಕ್ಕಿಯೂ ಅದೇ ಟಂಡ್ರಾದಲ್ಲಿ ಹುಟ್ಟಿದ್ದು. ಬೇಟೆಯೂ ಬೇಟೆಗಾರನೂ ಒಂದೇ ನಾಡಿನಿಂದ ಹೊರಟು ಒಂದೇ ಅಳಿವೆಗೆ ಬಂದು ಸೇರುತ್ತವೆ.

ಗಜನಿಗಳನ್ನು ನೋಡದೆ ಈ ಅಳಿವೆಯನ್ನು ಅರಿಯಲಾಗದು. ಮಾಣಿಕಟ್ಟಾ, ಮಾಸೂರು, ಕಾಗಾಲದ ಕಡೆ, ಕಟ್ಟೆ ಹಾಕಿ ಉಪ್ಪುನೀರು ತಡೆದ ತಗ್ಗು ಗದ್ದೆಗಳವು. ಮಳೆಗಾಲದ ಸಿಹಿನೀರಿನಲ್ಲಿ ಅಲ್ಲಿ ಕಗ್ಗ ಎಂಬ ಉಪ್ಪು ತಾಳುವ ಭತ್ತ ಬೆಳೆಯುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಲು. ಆಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಬಿಟ್ಟರೆ, ಉಳಿದ ಹುಲ್ಲು ಕೊಳೆತು ಮೀನು ಸೀಗಡಿಗಳಿಗೆ ಮೇವಾಗುತ್ತದೆ. ಆ ತೆಳುನೀರಿಗೆ ಹಕ್ಕಿಗಳು ಬರುತ್ತವೆ. ದುಡಿಯುವವರಿಲ್ಲದೆ ಹಲವು ಗಜನಿಗಳು ಬೇಸಾಯ ಕಂಡು ವರ್ಷಗಳಾದವು, ಕೆಲವು ಸೀಗಡಿ ಹೊಂಡಗಳಾದವು. ಕಗ್ಗದ ಗದ್ದೆ ಉಳಿದರೆ ಗೊರವ ಉಳಿದೀತು ಎಂಬುದು ಭಾವುಕ ಮಾತಲ್ಲ, ನೀರಿನ ಆಳದ ಲೆಕ್ಕ. ಸೀಗಡಿ ಹೊಂಡದ ಎದೆಮಟ್ಟದ ನೀರಿನಲ್ಲಿ ಮೂರು ಸೆಂಟಿಮೀಟರಿನ ಕಾಲು ನಿಲ್ಲಲಾರದು.

ದಾರಿಯ ಸಾಹಸವನ್ನು ಎಷ್ಟು ಹೇಳಿದರೂ ಕಡಿಮೆಯೇ. 2022ರ ಅಕ್ಟೋಬರ್‌ನಲ್ಲಿ ಬಾರ್-ಟೇಲ್ಡ್ ಗಾಡ್‌ವಿಟ್‌ನ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಹೊರಟು, ಎಲ್ಲೂ ಇಳಿಯದೆ, 11 ದಿನಗಳಲ್ಲಿ 13,560 ಕಿಲೋಮೀಟರ್ ಹಾರಿ ಟಾಸ್ಮೇನಿಯಾ ತಲುಪಿತು. ಬೆನ್ನಿಗೆ ಕಟ್ಟಿದ ಉಪಗ್ರಹ ಸಾಧನದಿಂದ ಇದು ತಿಳಿದದ್ದು. ನಮ್ಮ ದಂಡೆಗೆ ಬರುವ ಹಕ್ಕಿಗಳ ದಾರಿ ಅದಲ್ಲ. ಅವು ಮಧ್ಯ ಏಷ್ಯಾದ ಹಾರುದಾರಿಯವು, ನಡುವೆ ಅಲ್ಲಲ್ಲಿ ಇಳಿಯುವಂಥವು. ಆದರೆ ದೇಹದ ಸಿದ್ಧತೆ ಒಂದೇ ಬಗೆಯದು. ಹೊರಡುವ ಮುನ್ನ ಮೈತೂಕದ ಅರ್ಧದಷ್ಟರವರೆಗೂ ಕೊಬ್ಬು ತುಂಬಿಕೊಳ್ಳುವ ಜಾತಿಗಳಿವೆ. ಹಾರುವಾಗ ಹೊರೆಯಾಗುವ ಜಠರ, ಕರುಳುಗಳು ಕುಗ್ಗುತ್ತವೆ, ಎದೆಯ ಸ್ನಾಯು ಮತ್ತು ಹೃದಯ ಹಿಗ್ಗುತ್ತವೆ. ಇಳಿದ ಮೇಲೆ ಹೊಟ್ಟೆಯನ್ನು ಮತ್ತೆ ಕಟ್ಟಿಕೊಳ್ಳಬೇಕು. ದಣಿದು ಇಳಿದ ಹಕ್ಕಿಯನ್ನು ನಾಯಿಯೋ, ಕ್ಯಾಮೆರಾ ಹಿಡಿದವನೋ ಪದೇ ಪದೇ ಎಬ್ಬಿಸುವುದು ಎಂಥ ಹಿಂಸೆ ಎಂಬುದು ಇದನ್ನು ಬಲ್ಲವರಿಗೆ ಹೇಳಬೇಕಿಲ್ಲ.

ಈ ಹಕ್ಕಿಗಳ ದಾರಿಗಳನ್ನು ಭಾರತದಲ್ಲಿ ದೊಡ್ಡ ಮಟ್ಟದಲ್ಲಿ ಅಭ್ಯಾಸ ಮಾಡಲು ಕಾರಣವಾದದ್ದು ನಮ್ಮದೇ ಮಲೆನಾಡಿನ ಒಂದು ದುಃಖ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಹಿಂದೆಯೇ ಜನ ಜ್ವರದಿಂದ ಸತ್ತರು. ಇಂದಿಗೂ ಮಲೆನಾಡನ್ನು ಕಾಡುವ ಮಂಗನ ಕಾಯಿಲೆ ಅದು. ಪರೀಕ್ಷಿಸಿದಾಗ ವೈರಸ್, ರಷ್ಯಾ ಸೈಬೀರಿಯಾ ಕಡೆಯ ಉಣುಗುಜ್ವರಗಳ ವೈರಸ್ಸಿಗೆ ಹತ್ತಿರದ ಬಂಧು ಎಂದು ತಿಳಿಯಿತು. ಸೈಬೀರಿಯಾದ ರೋಗ ಸೊರಬಕ್ಕೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳೇ ತಂದಿರಬಹುದೆ? ಈ ಸಂಶಯದಿಂದಲೇ ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು, ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಆರಂಭಿಸಿತು. ರೋಗ ಹಕ್ಕಿಗಳಿಂದ ಬಂತೆಂಬುದು ಸಾಬೀತಾಗಲಿಲ್ಲ. ಅದು ಇಲ್ಲಿನ ಕಾಡಿನ ಉಣುಗು, ಇಲಿ, ಮಂಗಗಳ ನಡುವೆ ಸುತ್ತುವ ರೋಗ. ಆದರೆ ಆ ಹುಡುಕಾಟದಲ್ಲಿ ತೊಡಿಸಿದ ಉಂಗುರಗಳು ದೂರದ ದೇಶಗಳಿಂದ ಸುದ್ದಿ ತಂದವು. ಯಾವ ಹಕ್ಕಿ ಎಲ್ಲಿಗೆ ಹೋಗುತ್ತದೆ ಎಂಬ ನಮ್ಮ ತಿಳಿವಳಿಕೆಯ ಬಹುಪಾಲು ಅಡಿಪಾಯ ಅದೇ. ಅದಕ್ಕೂ ಹಿಂದೆ ಈ ಜಿಲ್ಲೆಯ ಹಕ್ಕಿಗಳನ್ನು ಪಟ್ಟಿ ಮಾಡಿದವರು ಕಾರವಾರದಲ್ಲಿ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್. ಅವರ ಬರಹ ಇದೇ ಸೊಸೈಟಿಯ ಪತ್ರಿಕೆಯಲ್ಲಿ 1890ರ ದಶಕದ ಕೊನೆಗೆ ಅಚ್ಚಾಯಿತು.

ಅಕ್ಟೋಬರ್‌ನಲ್ಲಿ ಕೆಸರಿನಿಂದ ಕಣ್ಣೆತ್ತಿದರೆ ಇನ್ನೊಂದು ವಲಸೆ ನಡೆಯುತ್ತಿರುತ್ತದೆ. ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳು ಬಯಲುಗಳ ಮೇಲೆ ಗುಂಪುಗುಂಪಾಗಿ ತೇಲುತ್ತವೆ. ಪ್ಯಾಂಟಲಾ ಫ್ಲೇವೆಸೆನ್ಸ್ ಎಂಬ ಈ ಕೀಟ ಭಾರತದಿಂದ ಮಾಲ್ಡೀವ್ಸ್ ದಾಟಿ ಆಫ್ರಿಕಾದ ಕಡೆಗೆ ಕಡಲ ಮೇಲಿನ ಗಾಳಿ ಹಿಡಿದು ಸಾಗುತ್ತದೆಂದು, ಮಾಲ್ಡೀವ್ಸ್‌ನಲ್ಲಿ ಅದರ ಬರುವಿಕೆಯನ್ನು ವರ್ಷಗಟ್ಟಲೆ ಗಮನಿಸಿದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಿವರಿಸಿದರು. ನವೆಂಬರ್‌ನಲ್ಲಿ ನಾಗಾಲ್ಯಾಂಡಿನಿಂದ ಹೊರಟ ಅಮುರ್ ಫಾಲ್ಕನ್‌ಗಳೂ ಅರಬ್ಬೀ ಸಮುದ್ರ ದಾಟುವುದು ಅದೇ ಗಾಳಿಯಲ್ಲಿ. ದಾರಿಯಲ್ಲಿ ಆ ಚಿಟ್ಟೆಗಳನ್ನೇ ಅವು ತಿನ್ನುತ್ತವೆ ಎಂಬುದು ಆಂಡರ್ಸನ್ ಅವರ ಊಹೆ. ಇದೇ ತಿಂಗಳುಗಳಲ್ಲಿ ಕಂದುತಲೆಯ ಗಲ್‌ಗಳು ಲಡಾಖ್, ಟಿಬೆಟ್‌ಗಳ ಸರೋವರಗಳಿಂದ ತದಡಿಯ ಬಂದರಿಗೆ ಬರುತ್ತವೆ, ಗಜನಿಗಳ ಮೇಲೆ ಜೌಗು ಸೆಳೆವಗಳು ತಗ್ಗಿನಲ್ಲಿ ತೇಲತೊಡಗುತ್ತವೆ.

ಅಘನಾಶಿನಿಯ ಕೆಸರು ಇಷ್ಟು ತುಂಬಿರುವುದಕ್ಕೆ ಕಾರಣ ಮೇಲಿನ ಹೊಳೆ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಕಡಲು ಸೇರುವವರೆಗೆ ಅದಕ್ಕೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆ ಸಿಹಿಯಾಗುತ್ತದೆ, ಬೇಸಿಗೆಗೆ ಉಪ್ಪಾಗುತ್ತದೆ. ಬಳಚು ಬದುಕುವುದು ಈ ಹೊಯ್ದಾಟದಲ್ಲೇ. ದಕ್ಷಿಣದ ಹೊನ್ನಾವರಕ್ಕೆ ಹೋಗಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಶರಾವತಿಗೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಬರುತ್ತದೆ. ಅಳಿವೆಯ ಉಪ್ಪು ಕಡಿಮೆಯಾಯಿತು, ಚಿಪ್ಪು ಜೀವಿಗಳು ಕ್ಷೀಣಿಸಿದವು. ಅದಕ್ಕೆ ಯಾರೂ ಕೆಸರಿಗೆ ಕೈ ಹಾಕಬೇಕಾಗಿರಲಿಲ್ಲ. ಘಟ್ಟದ ಮೇಲೆ ತಿರುಗಿಸಿದ ನೀರೇ ಸಾಕಾಯಿತು.

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆಗಳಿಗೂ ಆಗಲೇ ಈ ಮನ್ನಣೆ ಬಂತು. ಅಳಿವೆಯನ್ನು ನಂಬಿದ ಕುಟುಂಬಗಳು 6,000ದಿಂದ 7,500 ಎಂದು ಸರ್ಕಾರವೇ ಆಗ ಹೇಳಿದೆ. ಇದೇ ತದಡಿಯಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲು ಸುಡುವ ಬೃಹತ್ ವಿದ್ಯುತ್ ಸ್ಥಾವರ ಬರಲಿತ್ತು, ಜನ ಎದುರು ನಿಂತದ್ದರಿಂದ ಬರಲಿಲ್ಲ. ಎದುರು ನಿಂತವರಲ್ಲಿ ಹೊಳೆಯನ್ನೇ ನಂಬಿ ಬದುಕುವ ಹೆಂಗಸರೂ ಇದ್ದರು. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು, ಕಾಲಿನಿಂದ ತಡಕಿ, ಕೈಯಿಂದ ಬಳಚು ಎತ್ತುವವರು ಅವರು. ಅವರೂ ಕರ್ಲ್ಯೂಗಳೂ ಒಂದೇ ಹೊತ್ತಿಗೆ, ಒಂದೇ ಕೆಸರಿಗೆ, ಒಂದೇ ಕಾರಣಕ್ಕೆ ಬರುತ್ತಾರೆ. ಹಕ್ಕಿಗಳನ್ನು ಕಾಯಲು ಜನರನ್ನು ದೂರವಿಡಬೇಕೆಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕೈಯಿಂದ ಹೆಕ್ಕುವವರಿರುವ ತನಕ ಕೆಸರಿಗೆ ಒಡೆಯರಿದ್ದಾರೆ. ಯಂತ್ರ ಹಚ್ಚಿ ಚಿಪ್ಪು, ಮರಳು ಬಗೆಯುವವರ ಮಾತು ಬೇರೆ.

ಹಕ್ಕಿಗಳ ಸ್ಥಿತಿ ಚೆನ್ನಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ 16 ಜಾತಿಯ ವಲಸೆ ದಂಡೆಹಕ್ಕಿಗಳು ಮೊದಲಿಗಿಂತ ಹೆಚ್ಚು ಅಪಾಯದ ವರ್ಗಕ್ಕೆ ಸರಿದವು. ಗ್ರೇ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳು ಅಪಾಯಕ್ಕೆ ಸಿಲುಕಬಹುದಾದವುಗಳ ಸಾಲಿಗೆ; ಡನ್ಲಿನ್, ಟರ್ನ್‌ಸ್ಟೋನ್‌ಗಳು ಅದರ ಹೊಸ್ತಿಲಿಗೆ. ಇವೆಲ್ಲ ನಮ್ಮ ದಂಡೆಯವೇ. ಟಂಡ್ರಾದಲ್ಲಿ ಇವು ಇರುವುದು ವರ್ಷಕ್ಕೆ ಎರಡು ತಿಂಗಳು ಮಾತ್ರ. ಉಳಿದ ಆಯಸ್ಸು ದಾರಿಯಲ್ಲಿ ಮತ್ತು ಇಂಥ ಅಳಿವೆಗಳಲ್ಲಿ. ಒಂದು ವರ್ಷದ ಎಳೆಯ ಹಕ್ಕಿಗಳು ಹಲವು ಮರಳಿ ಹೋಗುವುದೇ ಇಲ್ಲ, ಮೇ ಜೂನ್‌ಗಳನ್ನೂ ಇಲ್ಲೇ ಕಳೆಯುತ್ತವೆ.

ಹೋಗುವವರು ಬೆಳಿಗ್ಗೆಯ ಉಬ್ಬರವಿರುವ ದಿನ ಆರಿಸಿಕೊಳ್ಳಿ. ಪಡುವಣಕ್ಕೆ ಮುಖ ಮಾಡಿ ಕೂತರೆ ಸೂರ್ಯ ಬೆನ್ನಿಗಿರುತ್ತಾನೆ. ಗೋಕರ್ಣದಿಂದ ತದಡಿಗೆ ಬಸ್ಸಿದೆ, ಅಲ್ಲಿಂದ ಅಘನಾಶಿನಿ ಊರಿಗೆ ದೋಣಿ ದಾಟಿಸುತ್ತಾರೆ. ಆ ದಾಟುವಿಕೆಯಲ್ಲೇ ರೀವ, ಗಲ್, ಗರುಡ, ಅದೃಷ್ಟವಿದ್ದರೆ ಬಿಳಿಹೊಟ್ಟೆಯ ಕಡಲಹದ್ದು. ಕೆಸರಿಗೆ ಇಳಿಯಬೇಡಿ, ಕಟ್ಟೆಯ ಮೇಲೆ ಕೂತುಬಿಡಿ. ಹಕ್ಕಿ ಮೇಯುವುದನ್ನು ಬಿಟ್ಟು ತಲೆ ಎತ್ತಿತೆಂದರೆ ನೀವು ಹೆಚ್ಚು ಹತ್ತಿರ ಹೋಗಿದ್ದೀರಿ ಎಂದೇ ಅರ್ಥ. ದುರ್ಬೀನಿನಲ್ಲಿ ಕಾಲುಗಳನ್ನೊಮ್ಮೆ ನೋಡಿ. ಯಾವುದಾದರೂ ಹಕ್ಕಿಯ ಕಾಲಿನಲ್ಲಿ ಲೋಹದ ಉಂಗುರವೋ ಬಣ್ಣದ ಪ್ಲಾಸ್ಟಿಕ್ ಪಟ್ಟಿಯೋ ಇದ್ದರೆ ಬಣ್ಣ ಯಾವುದು, ಎಡಗಾಲೋ ಬಲಗಾಲೋ, ಕಾಲಿನ ಗಂಟಿನ ಮೇಲೋ ಕೆಳಗೋ, ಅಕ್ಷರ ಅಂಕಿಗಳೇನು ಎಂದು ಬರೆದುಕೊಂಡು, ಸಾಧ್ಯವಾದರೆ ಚಿತ್ರ ತೆಗೆದು, ತಾರೀಖು ಮತ್ತು ಜಾಗದ ಸಮೇತ ಮುಂಬೈಯ ಸೊಸೈಟಿಗೆ ತಿಳಿಸಿ. ಆ ಹಕ್ಕಿಗೆ ಪಟ್ಟಿ ತೊಡಿಸಿದ್ದು ಯಾರು, ಎಲ್ಲಿ, ಯಾವ ವರ್ಷ ಎಂಬ ಉತ್ತರ ನಿಮಗೆ ಬರುತ್ತದೆ.